ಭಾವ ನೀರಿಗಿಳಿದದ್ದು

ಕರಾವಳಿಯ ಬಿಡಿ ವರದಿಗಾರರಾದ ನಮ್ಮ ಹತ್ತಿರ ಒಂದು ಸುದ್ದಿ ಯಾವಾಗಲೂ ಅರ್ಧ ಬರೆದೇ ಇರುತ್ತದೆ. ‘ಪ್ರವಾಸಕ್ಕೆಂದು ಬಂದಿದ್ದ ಇಂಥ ಊರಿನ ಇಂಥವರು ನೀರುಪಾಲಾದ ಘಟನೆ ಶನಿವಾರ ಸಂಜೆ ಸಂಭವಿಸಿದೆ.’ ಊರು, ಹೆಸರು, ಕಂಸದೊಳಗೆ ವಯಸ್ಸು ತುಂಬಿ, ಕೊನೆಗೆ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ ಅಂತ ಸೇರಿಸಿದರೆ ಮುಗಿಯಿತು. ಡೆಸ್ಕಿನವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಜನ?’ ಒಬ್ಬರಾದರೆ ಒಳಪುಟದಲ್ಲಿ ಸಿಂಗಲ್ ಕಾಲಂ. ಇಬ್ಬರು ಮೂವರಾದರೆ ಜಿಲ್ಲಾ ಪುಟದ ಮೇಲ್ಗಡೆ. ಮುಳುಗು ತಜ್ಞ ಈಶ್ವರ್ ಮಲ್ಪೆಯವರ ನಂಬರನ್ನು ಈ ಭಾಗದ ಯಾವ ವರದಿಗಾರರ ಫೋನಿನಲ್ಲಿ ಹುಡುಕಿದರೂ ಸಿಗುತ್ತದೆ. ಲೈನ್ ಲೆಕ್ಕದಲ್ಲಿ ದುಡ್ಡು ಬರುವ ಕೆಲಸ ನಮ್ಮದು. ಹಾಗಂತ ಯಾರೂ ಮುಳುಗಲಿ ಅಂತ ಕಾದು ಕೂತವರಲ್ಲ. ಆದರೆ ಹತ್ತು ವರ್ಷ ಇದನ್ನೇ ಬರೆದ ಮೇಲೆ ನೀರು ಅಂದ ಕೂಡಲೇ ಆ ಅರ್ಧ ಬರೆದ ಸಾಲು ತಲೆಗೆ ಬರುತ್ತದೆ. ಅದನ್ನು ತಡೆಯಲು ಆಗುವುದಿಲ್ಲ.

ನಾವು ಅಂದರೆ ಇಬ್ಬರು. ಒಬ್ಬರು ಬರೆಯುವುದು, ಇನ್ನೊಬ್ಬರು ಕ್ಯಾಮೆರಾ. ಡಿಪ್ಲೊಮಾ ಒಟ್ಟಿಗೆ ಮುಗಿಸಿದೆವು, ಬೈಕು ಒಂದೇ, ಪೆಟ್ರೋಲು ಅರ್ಧರ್ಧ. ಹೋದ ಡಿಸೆಂಬರಿನ ಒಂದು ಗುರುವಾರ ಸಂಜೆ ಬ್ರಹ್ಮಾವರದಲ್ಲಿ ಚಹಾ ಕುಡಿಯುತ್ತಿದ್ದಾಗ ಬೆಂಗಳೂರಿನಿಂದ ಭಾವನ ಫೋನು ಬಂತು. ಭಾವ ಅಂದರೆ ಕ್ಯಾಮೆರಾದವನ ಅಕ್ಕನ ಗಂಡ. ಅವನಿಗೆ ಭಾವ ಆದಮೇಲೆ ಇಬ್ಬರಿಗೂ ಭಾವನೇ.

“ರಾತ್ರಿ ಬಸ್ಸಿಗೆ ಹೊರಟಿದೀನಿ. ಬೆಳಗ್ಗೆ ಸಾಲಿಗ್ರಾಮದಲ್ಲಿ ಇಳೀತೀನಿ. ಅಕ್ಕಂಗೆ ಹೇಳ್ಬೇಡಿ. ಆಡಿಟ್ ಅಂತ ಹೇಳಿದೀನಿ.”

“ಎಂತ ವಿಷಯ ಭಾವ?”

“ಕಯಾಕಿಂಗ್ ಮಾಡ್ಬೇಕು.”

ನಾವು ಮುಖ ಮುಖ ನೋಡಿಕೊಂಡೆವು. ಭಾವನಿಗೆ 52 ವರ್ಷ. ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವವರು. ಬಿಪಿ ಇದೆ, ಹೊಟ್ಟೆ ಇದೆ, ಈಜು ಬರುವುದಿಲ್ಲ. ಹುಟ್ಟಿದ್ದು ಚಿಕ್ಕಬಳ್ಳಾಪುರದ ಕಡೆ. “ನಮ್ಮೂರಲ್ಲಿ ನೀರು ನೋಡ್ಬೇಕು ಅಂದ್ರೆ ಸಾವಿರ ಅಡಿ ಕೊರೀಬೇಕು, ಅಲ್ಲೂ ಸಿಕ್ಕಿದ್ರೆ ಪುಣ್ಯ” ಅಂತ ಅವರೇ ಹೇಳುತ್ತಾರೆ. ಮದುವೆಯಾಗಿ 25 ವರ್ಷ. ಪ್ರತಿ ಮೇ ತಿಂಗಳು ಅತ್ತೆ ಮನೆಗೆ ಬಂದು, ಪ್ಯಾಂಟು ಮೊಣಕಾಲಿನ ತನಕ ಮಡಚಿ, ಹೊಳೆ ದಂಡೆಯಲ್ಲಿ ನಿಂತು ನೋಡಿ ವಾಪಸ್ ಹೋಗುವವರು. ಅದಕ್ಕಿಂತ ಮುಂದೆ ಹೋಗಲು ಅಕ್ಕ ಬಿಟ್ಟಿಲ್ಲ. ಅಕ್ಕ ಹುಟ್ಟಿದ್ದು ಸೀತಾ ನದಿಯ ದಂಡೆಯಲ್ಲೇ. ಐದನೇ ಕ್ಲಾಸಿನಲ್ಲಿ ಇದ್ದಾಗ ಅವಳ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಕಡವಿನ ಹತ್ತಿರ ನೀರಿಗೆ ಹೋದವಳು ಮೇಲೆ ಬರಲಿಲ್ಲ. ಆಮೇಲೆ ಅಕ್ಕ ಹೊಳೆಗೆ ಕಾಲು ಸಹ ಇಟ್ಟವಳಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಸಮುದ್ರದಲ್ಲಿ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಹುಡುಗಿಯರು ತೀರಿಹೋದಾಗ, ಆ ಪೇಪರಿನ ತುಂಡನ್ನು ಕತ್ತರಿಸಿ ಅಡುಗೆಮನೆಯ ಕ್ಯಾಲೆಂಡರಿಗೆ ಸಿಕ್ಕಿಸಿಟ್ಟವಳು.

ಅಂಥ ಮನೆಯಿಂದ ಹೊರಟು ಬರುತ್ತಿದ್ದರು ಭಾವ. ಅತ್ತೆ ಮನೆಗೂ ಬರುವ ಹಾಗಿಲ್ಲ. ಅತ್ತೆಗೆ ತಿಳಿದರೆ ಹತ್ತು ನಿಮಿಷದಲ್ಲಿ ಬೆಂಗಳೂರಿಗೆ ತಿಳಿಯುತ್ತದೆ. ಕೊನೆಗೆ ನಮ್ಮಿಬ್ಬರಲ್ಲಿ ಒಬ್ಬರ ಬಾಡಿಗೆ ರೂಮಿನಲ್ಲಿ ಚಾಪೆ ಹಾಕಿದೆವು. ಅಳಿಯ ದೇವರು ಅತ್ತೆ ಮನೆಯಿಂದ ಆರು ಕಿಲೋಮೀಟರ್ ದೂರದಲ್ಲಿ ಚಾಪೆಯ ಮೇಲೆ!

ಶುಕ್ರವಾರ ಬೆಳಗ್ಗೆ ಸಾಲಿಗ್ರಾಮದ ಹೋಟೆಲಿನಲ್ಲಿ ಕೂತು ಕಾರಣ ಕೇಳಿದೆವು. ನಾವು ಏನೋ ದೊಡ್ಡದನ್ನು ನಿರೀಕ್ಷಿಸಿದ್ದೆವು. ಕೆಲಸ ಹೋಯಿತೇ, ಡಾಕ್ಟರು ಏನಾದರೂ ಹೇಳಿದರೇ, ಮನೆಯಲ್ಲಿ ಜಗಳವೇ ಅಂತೆಲ್ಲ. ಭಾವ ಹೇಳಿದ್ದು ಇಷ್ಟು. ಆಫೀಸಿನ ಹತ್ತಿರ ಒಂದು ದರ್ಶಿನಿ. ಹದಿನೇಳು ವರ್ಷದಿಂದ ಬೆಳಗ್ಗೆ ಅಲ್ಲೇ ತಿಂಡಿ. ಒಂದು ದಿನ ಪೂರಿ ತಿನ್ನೋಣ ಅಂತ ಮನಸ್ಸು ಮಾಡಿಕೊಂಡು ಹೋದರೆ, ಕೌಂಟರಿನ ಹುಡುಗ ಏನೂ ಕೇಳದೆ ಎರಡು ಇಡ್ಲಿ, ಒಂದು ವಡೆ, ಬೈಟು ಕಾಫಿ ತಂದಿಟ್ಟ. “ಸಾರ್, ನಿಮ್ದು ರೆಡಿ” ಅಂದ.

“ಪ್ರೀತಿಯಿಂದಾನೇ ಇಟ್ಟ. ನಾನು ಪೂರಿ ಬೇಕಿತ್ತು ಅಂತ ಹೇಳ್ಲಿಲ್ಲ. ತಿಂದು ಬಂದೆ. ಸಂಜೆ ಮೆಟ್ರೋದಲ್ಲಿ ನಿಂತು ಯೋಚನೆ ಮಾಡಿದೆ, ಇನ್ನು ಎಂಟು ವರ್ಷ ಸರ್ವೀಸಿದೆ, ಎಂಟು ವರ್ಷ ಎರಡು ಇಡ್ಲಿ ಒಂದು ವಡೆ.” ಆಮೇಲೆ ಸ್ವಲ್ಪ ನಾಚಿಕೊಂಡು, “ಹಾಗಂತ ಕಯಾಕ್ ಯಾಕೆ ಅಂತ ಕೇಳ್ಬೇಡಿ. ಫೋನಿನಲ್ಲಿ ಒಂದು ವಿಡಿಯೋ ಬಂತು, ನೋಡ್ದೆ, ಅಷ್ಟೇ” ಅಂದರು.

ಸಪ್ಲೈಯರ್ ಬಂದ. ಭಾವ ಗಂಭೀರವಾಗಿ, “ಪೂರಿ ಇದೆಯಾ?” ಅಂತ ಕೇಳಿದರು. ಪೂರಿ ಖಾಲಿಯಾಗಿತ್ತು. ಬನ್ಸ್ ತಿಂದರು.

ಮೂರು ತಿಂಗಳ ತಯಾರಿ ಮಾಡಿಕೊಂಡು ಬಂದಿದ್ದರು ಪುಣ್ಯಾತ್ಮ. ಟೆರೇಸಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಕಾಲು ನೀಡಿ, ನೆಲ ಒರೆಸುವ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಹುಟ್ಟು ಹಾಕುವ ಅಭ್ಯಾಸ. ಡಾಕ್ಟರು ಹೇಳಿದ ವ್ಯಾಯಾಮ ಅಂತ ಅಕ್ಕ ನಂಬಿದ್ದಳು. ಕಯಾಕ್ ಎಂಬ ಹೆಸರು ಗ್ರೀನ್‌ಲ್ಯಾಂಡ್ ಕಡೆಯ ಇನುಯಿಟ್ ಜನರದ್ದು, ಅವರು ಸೀಲ್ ಚರ್ಮವನ್ನು ಚೌಕಟ್ಟಿಗೆ ಬಿಗಿದು ಮಾಡಿಕೊಂಡ ಬೇಟೆ ದೋಣಿ ಅದು ಎಂದೆಲ್ಲ ನಮಗೇ ಪಾಠ ಹೇಳಿದರು. ಭರತ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ ಎಂಬುದನ್ನೂ ಓದಿಕೊಂಡಿದ್ದರು. “ಇವತ್ತು ಭರ್ತಿ ಎಷ್ಟೊತ್ತಿಗೆ?” ಅಂತ ನಮ್ಮನ್ನು ಕೇಳಿದರು. ನಮಗೆ ಗೊತ್ತಿರಲಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಮಾಬುಕಳ ಸೇತುವೆಯ ಮೇಲೆ ದಿನಕ್ಕೆ ನಾಲ್ಕು ಸಲ ಓಡಾಡುವವರು ನಾವು. ಕೆಳಗೆ ಸೀತೆ ಹರಿಯುತ್ತಾಳೆ. ನೀರು ಯಾವ ಕಡೆ ಹೋಗುತ್ತಿದೆ ಅಂತ ಒಂದು ದಿನವೂ ನೋಡಿದವರಲ್ಲ. ಹೋಟೆಲಿನ ಹೊರಗೆ ಮೀನು ಮಾರುತ್ತಿದ್ದ ಹೆಂಗಸನ್ನು ಕೇಳಿದೆವು. ಅವರು ಕಾಣೆ ಮೀನು ತೂಗುತ್ತಲೇ, “ನಿನ್ನೆ ಹುಣ್ಣಿಮೆ ಅಲ್ದಾ, ಮಧ್ಯಾಹ್ನದ್ ಹೊತ್ತಿಗೆ ತುಂಬತ್ತ್” ಅಂದರು. ಪಂಚಾಂಗವೂ ಬೇಡ, ಫೋನೂ ಬೇಡ.

ಸೀತಾ ನದಿ ಆಗುಂಬೆ ಕಡೆಯಿಂದ ಇಳಿದು, ಹೆಬ್ರಿ, ಬಾರ್ಕೂರು ದಾಟಿ, ಕೋಡಿಬೆಂಗ್ರೆಯ ಅಳಿವೆಯಲ್ಲಿ ಸುವರ್ಣಾ ನದಿಯ ಜತೆಗೆ ಸಮುದ್ರ ಸೇರುತ್ತದೆ. ಸೇರುವ ಮೊದಲು ಸಾಲಿಗ್ರಾಮದ ಪಾರಂಪಳ್ಳಿ ಕಡೆ ಅಗಲವಾಗಿ ಹರಡಿಕೊಂಡು, ನಡುನಡುವೆ ಕುದ್ರುಗಳನ್ನು ಬಿಟ್ಟುಕೊಂಡು, ಅವಸರವಿಲ್ಲದೆ ಮಲಗಿರುತ್ತದೆ. ದಂಡೆಯುದ್ದಕ್ಕೂ ಕಾಂಡ್ಲಾ ಕಾಡು. ಊರಿನ ಹುಡುಗರು ಇಲ್ಲಿ ಕಯಾಕ್ ನಡೆಸುತ್ತಾರೆ. ನಮಗೆ ಸಿಕ್ಕ ಹುಡುಗನ ಅಪ್ಪ ಮರಳು ದೋಣಿಯವರು, ಹೊಳೆಯ ತಳಕ್ಕೆ ಮುಳುಗಿ ಬುಟ್ಟಿಯಲ್ಲಿ ಮರಳೆತ್ತುತ್ತಿದ್ದವರು. ಈ ಹುಡುಗ ಬೆಂಗಳೂರಿನಲ್ಲಿ ಎರಡು ವರ್ಷ ಡೆಲಿವರಿ ಕೆಲಸ ಮಾಡಿ, ಕೊರೊನಾ ಹೊತ್ತಿಗೆ ಬಂದವನು ಮತ್ತೆ ಹೋಗಲಿಲ್ಲ. “ಸರ್, ನಿಮ್ಮ ಏರಿಯಾ ಯಾವ್ದು?” ಅಂತ ಕೇಳಿ, ಭಾವ ವಿಜಯನಗರ ಅಂದಾಗ, “ಅಲ್ಲಿನ ಎಲ್ಲಾ ಕ್ರಾಸೂ ಗೊತ್ತು” ಅಂದ. ಅವನಿಗೆ ವಿಜಯನಗರ ಗೊತ್ತು, ಭಾವನಿಗೆ ಹೊಳೆ ಗೊತ್ತಿಲ್ಲ.

ದೊಡ್ಡ ಅಳತೆಯ ಲೈಫ್ ಜಾಕೆಟ್ ಹುಡುಕಿ ತಂದ. ಎಲ್ಲಾ ಬಕಲ್ ಹಾಕಿ, ಭುಜದ ಹತ್ತಿರ ಹಿಡಿದು ಮೇಲಕ್ಕೆ ಜಗ್ಗಿ ನೋಡಿದ. ಜಾಕೆಟ್ ಕಿವಿಯ ತನಕ ಬಂದರೆ ಸಡಿಲ ಅಂತ ಲೆಕ್ಕವಂತೆ. ಮತ್ತೆ ಬಿಗಿದ. ಆಮೇಲೆ ಹೇಳಿದ್ದು ಎರಡೇ ಮಾತು. ತೋಳಿನಿಂದ ಎಳೆಯಬೇಡಿ, ಸೊಂಟದಿಂದ ತಿರುಗಿ. ಏನೇ ಆದರೂ ದೋಣಿ ಬಿಡಬೇಡಿ. ಮಗುಚಿದರೂ ಅದು ಮುಳುಗುವುದಿಲ್ಲ, ತೇಲುತ್ತದೆ. ಅದನ್ನು ಹಿಡಿದುಕೊಂಡರೆ ನೀವೂ ತೇಲುತ್ತೀರಿ.

“ಈಗ ಬೀಳಿ” ಅಂದ.

ಭಾವನಿಗೆ ಅರ್ಥವಾಗಲಿಲ್ಲ. ಎದೆಮಟ್ಟದ ನೀರಿಗೆ ಕರೆದುಕೊಂಡು ಹೋಗಿ, ಬೇಕಂತಲೇ ಮಗುಚಿ, ಮತ್ತೆ ಹತ್ತುವುದನ್ನು ಕಲಿಸಿದ ಮೇಲೆಯೇ ಮುಂದಿನದು. ಟೆರೇಸಿನ ಅಭ್ಯಾಸದಲ್ಲಿ ಈ ಪಾಠ ಇರಲಿಲ್ಲ. ಕುರ್ಚಿ ಮಗುಚುವುದಿಲ್ಲವಲ್ಲ. ಭಾವ ನೀರಿನಲ್ಲಿ ನಿಂತು, ಅವರ ಮಗನ ವಯಸ್ಸಿನ ಆ ಹುಡುಗನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬೆರಳು ಬಿಳಿಚಿಕೊಂಡಿದ್ದು ದಂಡೆಯಲ್ಲಿ ನಿಂತ ನಮಗೂ ಕಂಡಿತು. ಕ್ಯಾಮೆರಾ ಕೆಳಗಿಳಿಸಿದೆವು. ಐದು ನಿಮಿಷ ಹಾಗೇ ನಿಂತರು. ಹುಡುಗ ಅವಸರ ಮಾಡಲಿಲ್ಲ. ಆಮೇಲೆ ಭಾವ ಮೂಗು ಹಿಡಿದುಕೊಂಡು ಬಿದ್ದರು. ಮೇಲೆ ಬಂದರು, ಕೆಮ್ಮಿದರು, ಉಪ್ಪು ಅಂದರು. ಹತ್ತಲು ಹೋಗಿ ಎರಡು ಸಲ ಜಾರಿದರು. ಮೂರನೇ ಸಲ ಹುಡುಗ ಹೇಳಿದ ಹಾಗೆ ಕಾಲು ಬಡಿದು, ಹೊಟ್ಟೆಯನ್ನು ದೋಣಿಗೆ ಅಡ್ಡ ಹಾಕಿ, ತಿರುಗಿ ಕೂತರು. ಕೂತವರು ಸ್ವಲ್ಪ ಹೊತ್ತು ಆಚೆ ಮುಖ ಮಾಡಿಕೊಂಡಿದ್ದರು.

“ನೀವು ಬರಲ್ವಾ?” ಅಂತ ನಮ್ಮನ್ನು ಕರೆದರು.

ನಾವು ಇಲ್ಲೇ ಹುಟ್ಟಿ ಬೆಳೆದವರು. ಈಜು ಬರುತ್ತದೆ. ಆದರೆ ಈ ಹೊಳೆಯ ನಡುವೆ ಹೋಗಿ ಕೂತದ್ದಿಲ್ಲ. ಹೆಣ ಹುಡುಕುವ ದೋಣಿಯಲ್ಲಿ ಎರಡು ಸಲ ಹೋಗಿದ್ದು ಬಿಟ್ಟರೆ. ಜಂಭದಿಂದ ಇಬ್ಬರೂ ಒಂದೇ ಕಯಾಕಿಗೆ ಹತ್ತಿದೆವು. ಮುಂದೆ ಕೂತವನು ತಾಳ ಹಾಕಬೇಕು, ಹಿಂದೆ ಕೂತವನು ಅದಕ್ಕೆ ಸರಿಯಾಗಿ ಹುಟ್ಟು ಹಾಕುತ್ತಾ ದಿಕ್ಕು ನೋಡಿಕೊಳ್ಳಬೇಕು. ನಾವು ಇಬ್ಬರೂ ದಿಕ್ಕು ನೋಡಿಕೊಂಡೆವು. ದೋಣಿ ನಿಂತಲ್ಲೇ ಗಾಣ ಸುತ್ತಿತು, ಕಾಂಡ್ಲಾ ಬೇರಿಗೆ ತಾಗಿತು, ಮಗುಚಿತು. ಭಾವ ನಕ್ಕ ನಗು ಹೊಳೆಯ ಆಚೆ ದಡಕ್ಕೂ ಕೇಳಿರಬೇಕು. ಕ್ಯಾಮೆರಾವನ್ನು ದಂಡೆಯಲ್ಲೇ ಬಿಟ್ಟು ಬಂದಿದ್ದೆವು, ಬದುಕಿಕೊಂಡೆವು.

ಕಾಂಡ್ಲಾದ ನಡುವಿನ ಸಣ್ಣ ತೋಡಿನೊಳಗೆ ಹೋದಾಗ ಯಾರೂ ಮಾತಾಡಲಿಲ್ಲ. ಎರಡೂ ಕಡೆ ಬೇರುಗಳು ಕಾಲು ಮಡಚಿ ನಿಂತ ಹಾಗೆ ನೀರಿಗಿಳಿದಿವೆ. ಇನ್ನೊಂದು ಜಾತಿಯ ಗಿಡದ ಬೇರುಗಳು ಕೆಸರಿನಿಂದ ಪೆನ್ಸಿಲಿನಂತೆ ಮೇಲೆದ್ದು ಉಸಿರಾಡುತ್ತವೆ. ಕಾಂಡ್ಲಾದ ಬೀಜ ಮರದಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತುಬಿದ್ದು, ಆಮೇಲೆ ಕೆಳಗೆ ಬೀಳುತ್ತದೆ. ಇಳಿತದಲ್ಲಿ ಬಿದ್ದರೆ ಅಲ್ಲೇ ಕೆಸರಿಗೆ ನಾಟಿಕೊಂಡೀತು, ಭರತದಲ್ಲಿ ಬಿದ್ದರೆ ತೇಲಿ ಬೇರೆಲ್ಲೋ ಹೋಗಿ ಬೇರು ಬಿಟ್ಟೀತು ಅಂತ ಹುಡುಗ ಹೇಳಿದ. ಭಾವ ಒಂದು ಕಾಯಿಯನ್ನು ಮುಟ್ಟಿ ನೋಡಿದರು, ಕೀಳಲಿಲ್ಲ. ಮಿಂಚುಳ್ಳಿಯೊಂದು ನೀಲಿಯಾಗಿ ಹಾರಿಹೋಯಿತು. ‘ಕಾಂಡ್ಲಾ ವನ ಸಂರಕ್ಷಣೆಗೆ ಆಗ್ರಹ’ ಅಂತ ನಾವು ಎಷ್ಟೋ ಸಲ ಬರೆದಿದ್ದೇವೆ, ಮನವಿ ಕೊಟ್ಟವರ ಫೋಟೋ ಸಮೇತ. ಅದರೊಳಗೆ ಕೂತಾಗ ತಂಪಾಗಿರುತ್ತದೆ ಎಂಬುದು ಗೊತ್ತಿರಲಿಲ್ಲ.

ಶನಿವಾರ ಭಾವನಿಗೆ ಒಬ್ಬರೇ ಹೋಗಬೇಕು ಅನಿಸಿತು. ಸಿಂಗಲ್ ಕಯಾಕ್. ಹುಡುಗ ಒಂದು ಗಂಟೆ ಜತೆಗೇ ಸುತ್ತಾಡಿಸಿ, ಪರವಾಗಿಲ್ಲ ಅನಿಸಿದ ಮೇಲೆ, ಈ ಕುದ್ರುವಿನ ಎದುರು ಭಾಗದಲ್ಲೇ ಇರಿ, ನನಗೆ ಕಾಣುವ ಹಾಗೆ ಇರಿ ಅಂದ. ನಾವು ದಂಡೆಯಲ್ಲಿ ಚಿತ್ರ ತೆಗೆಯುತ್ತಾ ಕೂತೆವು. ನಾಲ್ಕು ಗಂಟೆ ದಾಟಿತ್ತು. ಅಷ್ಟರಲ್ಲಿ ಬೇರೆ ಗುಂಪಿನ ಒಂದು ಮಗು ನೀರಿನ ಮಧ್ಯದಲ್ಲಿ ಹೆದರಿ ಅಳಲು ಶುರುಮಾಡಿತು. ಹುಡುಗ ಅತ್ತ ಹೋದ. ನಾವೂ ಅತ್ತ ನೋಡಿದೆವು. ತಿರುಗಿ ನೋಡಿದಾಗ ಭಾವ ಇರಲಿಲ್ಲ.

ಕುದ್ರುವಿನ ಹಿಂದೆ ಹೋಗಿರಬೇಕು ಅಂದುಕೊಂಡೆವು. ಐದು ನಿಮಿಷ. ಕೂಗಿದೆವು. ಹತ್ತು ನಿಮಿಷ. ಹೊಳೆ ಇಳಿಯುತ್ತಿತ್ತು. ಬೆಳಗ್ಗೆ ಕಾಣದ ಕೆಸರಿನ ದಿಬ್ಬಗಳು ಒಂದೊಂದಾಗಿ ಬೆನ್ನು ತೋರಿಸತೊಡಗಿದ್ದವು. ನೀರೆಲ್ಲ ಅಳಿವೆಯ ಕಡೆ ಹೋಗುತ್ತಿದೆ ಎಂಬುದು ಆವತ್ತು ಮಾತ್ರ ನಮಗೆ ಸರಿಯಾಗಿ ಕಂಡಿತು. ಭಾವನ ಫೋನು ನಮ್ಮ ಚೀಲದಲ್ಲೇ ಇತ್ತು. ಅದು ಹೊಡೆದುಕೊಂಡಿತು. ಅಕ್ಕ. ಎತ್ತಲಿಲ್ಲ. ಮತ್ತೆ ಹೊಡೆದುಕೊಂಡಿತು. ಹುಡುಗ ಸೀಟಿ ಊದುತ್ತಾ ಕುದ್ರುವಿನ ಆಚೆ ಹೋದ.

ಈಗ ಬರೆಯುವುದನ್ನು ಬರೆಯದೆ ಬಿಡಬಹುದಿತ್ತು. ಇಬ್ಬರೂ ಆಮೇಲೆ ಮಾತಾಡಿಕೊಂಡು, ಬರೆಯೋಣ ಅಂತ ತೀರ್ಮಾನಿಸಿದೆವು. ಆ ಇಪ್ಪತ್ತು ನಿಮಿಷದಲ್ಲಿ ನಮ್ಮ ತಲೆಯೊಳಗೆ ಅರ್ಧ ಬರೆದ ಸುದ್ದಿ ತಾನಾಗಿಯೇ ಪೂರ್ತಿಯಾಯಿತು. ‘ಕಯಾಕಿಂಗ್‌ಗೆ ತೆರಳಿದ್ದ ಬೆಂಗಳೂರು ವಿಜಯನಗರ ನಿವಾಸಿ (52) ನೀರುಪಾಲಾದ ಘಟನೆ.’ ಮೃತರು ಪತ್ನಿ, ಪುತ್ರನನ್ನು ಅಗಲಿದ್ದಾರೆ ಎಂಬ ತನಕ ಬಂತು. ಒಬ್ಬರೇ, ಸಿಂಗಲ್ ಕಾಲಂ ಎಂದೂ ಬಂತು. ದಂಡೆಯಲ್ಲಿ ನಿಂತು ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರಿಗೂ ಅದೇ ಸಾಲು ಬಂದಿತ್ತು ಅಂತ ಗೊತ್ತಾದದ್ದು ರಾತ್ರಿ. ಅಕ್ಕನ ಮೂರನೇ ಕರೆ ಬರುವಾಗ ಕ್ಯಾಮೆರಾದವನು ಫೋನನ್ನು ಹುಲ್ಲಿನ ಮೇಲಿಟ್ಟು ದೂರ ಹೋಗಿ ನಿಂತ.

ಕುದ್ರುವಿನ ಹಿಂಬದಿಯಿಂದ ಎರಡು ಸೀಟಿ ಕೇಳಿತು. ಸಿಕ್ಕರು ಅಂತ ಅರ್ಥ.

ಆದದ್ದು ಇಷ್ಟು. ಭಾವ ಒಂದು ಬೆಳ್ಳಕ್ಕಿಯ ಹಿಂದೆ ಹಿಂದೆ ಹೋಗಿ, ಕುದ್ರುವಿನ ಬೆನ್ನ ಹಿಂದಿನ ಕಿರಿದಾದ ತೋಡಿಗೆ ನುಗ್ಗಿದ್ದರು. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಅಷ್ಟೇ ಹೆಚ್ಚು ಇಳಿಯುತ್ತದೆ. ನೋಡನೋಡುತ್ತ ಕೆಳಗಿನ ನೀರು ಹೋಗಿ ದೋಣಿ ಕೆಸರಿನ ಮೇಲೆ ಕೂತಿತು. ಇಳಿದು ದೂಡೋಣ ಅಂತ ಒಂದು ಕಾಲು ಹೊರಗೆ ಹಾಕಿದರಂತೆ. ಮೊಣಕಾಲಿನ ತನಕ ಹೋಯಿತು. ಆ ಕಾಲು ಎಳೆದುಕೊಳ್ಳುವಷ್ಟರಲ್ಲಿ ಚಪ್ಪಲಿ ಕೆಸರಿನ ಪಾಲು. ಸ್ವಲ್ಪ ದೂರದಲ್ಲಿ, ಗಟ್ಟಿ ಮರಳು ಇದ್ದ ಕಡೆ, ಸೀರೆ ಎತ್ತಿ ಕಟ್ಟಿಕೊಂಡು ಚಿಪ್ಪು ಹೆಕ್ಕುತ್ತಿದ್ದ ಅಜ್ಜಿಯೊಬ್ಬರು ಇದ್ದರು.

“ಹುಡ್ಗ್ರ್ ಬತ್ರ್, ಕೂಕಣಿ. ಕೆಸ್ರಿಗೆ ಇಳೂಕ್ ಹೋಯ್ಬೇಡಿ” ಅಂದರಂತೆ.

ಭಾವನಿಗೆ ಆ ಕನ್ನಡ ಪೂರ್ತಿ ಅರ್ಥವಾಗಲಿಲ್ಲ. ಕೈ ತೋರಿಸಿದ್ದು ಅರ್ಥವಾಯಿತು. ದೋಣಿ ಬಿಡಬೇಡಿ ಅಂತ ಹುಡುಗ ಹೇಳಿದ್ದೂ ನೆನಪಿತ್ತು. ಕೂತರು. ಅಜ್ಜಿ ಮಾತಾಡುತ್ತಾ ಚಿಪ್ಪು ಹೆಕ್ಕಿದರು. ಯಾವೂರು, ಎಷ್ಟು ಮಕ್ಕಳು, ಹೆಂಡತಿ ಬರಲಿಲ್ಲವೇ ಅಂತೆಲ್ಲ ವಿಚಾರಿಸಿದರು. ಹೆಂಡತಿ ಬರಲಿಲ್ಲವೇ ಎಂಬುದಕ್ಕೆ ಏನು ಹೇಳುವುದೆಂದು ತಿಳಿಯದೆ ಆಡಿಟ್ ಅಂದುಬಿಟ್ಟರಂತೆ. ಹುಡುಗ ಹಗ್ಗ ಎಸೆದು, ಆಳವಿದ್ದ ಕಡೆಯಿಂದ ಎಳೆದು ತಂದ.

ದಡಕ್ಕೆ ಬಂದ ಭಾವನಿಗೆ ನಾವು ಬೈಯಬೇಕು ಅಂತ ಇದ್ದೆವು. ಮೈತುಂಬಾ ಕೆಸರು, ಒಂದು ಕಾಲಿಗೆ ಚಪ್ಪಲಿ. “ಗಾಬರಿ ಆಯ್ತಾ ನಿಮಗೆ?” ಅಂತ ಅವರೇ ಕೇಳಿದರು. “ನಂಗೆ ಮೊದಲು ಆಯ್ತು. ಆಮೇಲೆ, ಸುಮ್ನೆ ಕೂತಿದ್ದೆ ನೋಡಿ, ಅಷ್ಟು ಹೊತ್ತು ಏನೂ ಮಾಡ್ದೆ ಕೂತು ಯಾವ ಕಾಲ ಆಯ್ತೋ.” ನಮಗೆ ಬೈಯಲು ಬಾಯಿ ಬರಲಿಲ್ಲ. ಅವರನ್ನು ಸುದ್ದಿ ಮಾಡಿ ಮುಗಿಸಿದವರು ನಾವು, ಯಾವ ಮುಖದಲ್ಲಿ ಬೈಯುವುದು?

ಹುಲ್ಲಿನ ಮೇಲಿದ್ದ ಫೋನನ್ನು ನೋಡಿದರು. ಅಕ್ಕನ ಆರು ಕರೆಗಳು. ಅವಳಿಗೆ ಏನೂ ಗೊತ್ತಾಗಿರಲಿಲ್ಲ, ಗ್ಯಾಸ್ ಸಿಲಿಂಡರಿನ ಪುಸ್ತಕ ಎಲ್ಲಿ ಅಂತ ಕೇಳಲು ಮಾಡಿದ್ದಳು. ಸುಳ್ಳನ್ನು ಹಾಗೇ ಮುಂದುವರಿಸಬಹುದಿತ್ತು. ನಾವು ಸನ್ನೆಯನ್ನೂ ಮಾಡಿದೆವು. ಭಾವ ಕೆಸರು ಕೈಯಲ್ಲೇ ಫೋನು ಹಿಡಿದು, ಸ್ಪೀಕರ್ ಒತ್ತಿಹೋದದ್ದೂ ಗೊತ್ತಿಲ್ಲದೆ, ಎಲ್ಲವನ್ನೂ ಹೇಳಿದರು. ಪೂರಿಯಿಂದ ಹಿಡಿದು ಕೆಸರಿನ ತನಕ.

ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಕುಕ್ಕರ್ ಒಂದು ವಿಸಿಲ್ ಹೊಡೆದದ್ದು ನಮಗೂ ಕೇಳಿತು.

“ಮಾತ್ರೆ ತಗೊಂಡ್ರಾ?”

“ತಗೊಂಡೆ.”

ಮತ್ತೆ ಮೌನ. ಆಮೇಲೆ ಅಕ್ಕನ ಸ್ವರ ಬದಲಾಯಿತು. “ನಾನು ಆ ಹೊಳೆ ಬದಿಯಲ್ಲೇ ಹುಟ್ಟಿದವಳು. ನಮ್ಮಪ್ಪ, ನಮ್ಮಣ್ಣ, ಯಾರೂ ಒಂದು ದಿನ ನನ್ನನ್ನು ದೋಣಿಗೆ ಹತ್ತಿಸಿದವರಲ್ಲ. ಅವಳು ಹೋದ ಮೇಲಂತೂ ದಂಡೆಗೂ ಬಿಡ್ಲಿಲ್ಲ. ನಾನೂ ಹೆದರಿ ಹೆದರಿ ನಿಮ್ಮನ್ನೂ ಬಿಡ್ಲಿಲ್ಲ. ಈಗ ನೀವು ಸುಳ್ಳು ಹೇಳಿ ಒಬ್ರೇ ಹೋದ್ರಾ?”

ಭಾವ ಏನೋ ಹೇಳಲು ಹೋದರು. ಫೋನು ಕಟ್ ಆಯಿತು.

ಭಾನುವಾರ ರಾತ್ರಿ ಭಾವನನ್ನು ಬಸ್ಸು ಹತ್ತಿಸಿದೆವು. ಹೊಸ ಚಪ್ಪಲಿ, ಅಂಗೈಯಲ್ಲಿ ಎರಡು ಬೊಬ್ಬೆ, ಅಕ್ಕನಿಗೆ ಅಂತ ಒಂದು ಕಟ್ಟು ಹಪ್ಪಳ. ಆಡಿಟ್ಟಿಗೆ ಹೋದವರು ತರುವ ವಸ್ತು ಅಲ್ಲ ಅದು, ಆದರೆ ಈಗ ಅಡಗಿಸುವಂಥದ್ದೇನೂ ಉಳಿದಿರಲಿಲ್ಲ. ಅಕ್ಕ ಹನ್ನೊಂದು ದಿನ ಸರಿಯಾಗಿ ಮಾತಾಡಲಿಲ್ಲವಂತೆ. ನಮ್ಮ ಜತೆಗೂ.

ಹನ್ನೆರಡನೇ ದಿನ ನಮಗೆ ಫೋನು ಮಾಡಿದಳು. ಯಾವ ಪೀಠಿಕೆಯೂ ಇಲ್ಲ. “ಆ ದೋಣಿಯಲ್ಲಿ ಸೀರೆ ಉಟ್ಟುಕೊಂಡು ಕೂರ್ಲಿಕ್ಕೆ ಆಗ್ತದಾ, ಕೇಳಿ ಹೇಳಿ” ಅಂದಳು. ನಾವು ಪಾರಂಪಳ್ಳಿಗೆ ಹೋಗಿ ಹುಡುಗನನ್ನು ಕೇಳಿದೆವು. ಚೂಡಿದಾರ ಆದರೆ ಒಳ್ಳೆಯದು, ಒದ್ದೆಯಾದರೆ ಸೀರೆ ಭಾರ ಅಂದ. ಚಿಪ್ಪಿನ ಅಜ್ಜಿ ಅಲ್ಲೇ ದಂಡೆಯಲ್ಲಿ ಬುಟ್ಟಿ ತೊಳೆಯುತ್ತಿದ್ದರು. ಅವರಿಗೆ ಆ ಮಾತು ಸರಿ ಕಾಣಲಿಲ್ಲ. ತಾವು ನಲವತ್ತು ವರ್ಷದಿಂದ ಸೀರೆಯಲ್ಲೇ ಎದೆಮಟ್ಟ ನೀರಿಗೆ ಇಳಿಯುತ್ತಿರುವುದಾಗಿ ಹೇಳಿ, ಅಕ್ಕ ಯಾರ ಮನೆಯವಳು ಅಂತ ವಿಚಾರಿಸಿದರು.